ಒಂದು ಕೂಗಿದರೆ ಎಲ್ಲವೂ ಕೂಗಬೇಕು: ಮನೆಗೆ ಸ್ಮೋಕ್ ಅಲಾರಂ ವೈರಿಂಗ್ ಮಾಡಿದ ನನ್ನ ಅನುಭವ

ನ್ಯೂಜೆರ್ಸಿಯ ನಮ್ಮ ಮನೆ ಬೈ-ಲೆವೆಲ್. ಬಾಗಿಲು ತೆರೆದ ಕೂಡಲೇ ಅರ್ಧ ಮೆಟ್ಟಿಲು ಮೇಲಕ್ಕೆ, ಅರ್ಧ ಮೆಟ್ಟಿಲು ಕೆಳಕ್ಕೆ. ಮೇಲೆ ಅಡುಗೆಮನೆ, ಹಾಲ್, ಮೂರು ಬೆಡ್‌ರೂಮ್. ಕೆಳಗೆ ಗರಾಜ್, ಮನೆ ಬಿಸಿ ಮಾಡುವ ಫರ್ನೇಸ್, ಬಟ್ಟೆ ಒಗೆಯುವ ಜಾಗ, ಇನ್ನೊಂದು ಬೆಡ್‌ರೂಮ್. ಊರಿಂದ ಅಪ್ಪ ಅಮ್ಮ ಬಂದರೆ ಇರುವುದು ಆ ಕೆಳಗಿನ ರೂಮಿನಲ್ಲಿ. ಹಿಂದಿನ ಮಾಲೀಕರು ಅಲ್ಲಲ್ಲಿ ಬ್ಯಾಟರಿ ಅಲಾರಂ ತಗುಲಿಸಿದ್ದರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮೇಲಿನ ಹಾಲ್‌ನದನ್ನು ಮಗಳ ಕೈಲಿ ಒತ್ತಿಸಿ, ನಾನು ಕೆಳಗಿನ ರೂಮಿನ ಬಾಗಿಲು ಹಾಕಿಕೊಂಡು ಕಿವಿಗೊಟ್ಟೆ. ಪಕ್ಕದ ಬೀದಿಯಲ್ಲಿ ಯಾರದೋ ಕಾರು ಕೂಗಿಕೊಂಡ ಹಾಗಿತ್ತು. ಅಪ್ಪ ಮಲಗುವಾಗ ಹಿಯರಿಂಗ್ ಏಡ್ ತೆಗೆದಿಡುತ್ತಾರೆ. ಅವರಿಗೆ ಅದೂ ಕೇಳಿಸುವುದಿಲ್ಲ.

ಬೆಂಕಿ ಹೊತ್ತುವ ಜಾಗ ಒಂದು, ಜನ ಮಲಗುವ ಜಾಗ ಇನ್ನೊಂದು. ಅಲಾರಂ ಸದ್ದು ಹತ್ತು ಅಡಿ ದೂರದಲ್ಲಿ 85 ಡೆಸಿಬಲ್ ಇರಬೇಕು ಅಂತ ಲೆಕ್ಕ. ಒಂದು ಮಹಡಿ, ಎರಡು ಮುಚ್ಚಿದ ಬಾಗಿಲು ದಾಟುವ ಹೊತ್ತಿಗೆ ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಅದಕ್ಕೇ ಇಂಟರ್‌ಕನೆಕ್ಟ್, ಅಂದರೆ ಅಲಾರಂಗಳನ್ನೆಲ್ಲ ಒಂದಕ್ಕೊಂದು ಜೋಡಿಸುವುದು. ಫರ್ನೇಸ್ ಹತ್ತಿರ ಹೊಗೆ ಎದ್ದರೆ ಮಕ್ಕಳ ತಲೆಯ ಮೇಲಿನ ಅಲಾರಂ ಕೂಗಬೇಕು. ವೈರ್‌ಲೆಸ್ ಆಗಿ ಮಾತಾಡಿಕೊಳ್ಳುವ ಅಲಾರಂಗಳೂ ಸಿಗುತ್ತವೆ. ಬಾಡಿಗೆ ಮನೆಯಾದರೆ ನಾನೂ ಅದನ್ನೇ ಹಾಕುತ್ತಿದ್ದೆ. ನಮ್ಮ ಅಟ್ಟದಲ್ಲಿ ಓಡಾಡೋಕೆ ಜಾಗ ಇತ್ತು, ಹಾಗಾಗಿ ವೈರ್ ಎಳೆಯುವುದೇ ಸರಿ ಅನ್ನಿಸಿತು.

ಮೊದಲು ಟೌನ್‌ಶಿಪ್ ಆಫೀಸಿಗೆ ಹೋಗಿ ಎಲೆಕ್ಟ್ರಿಕಲ್ ಪರ್ಮಿಟ್ ತಗೊಂಡೆ. ಇಲ್ಲಿ ಸ್ವಂತ ಮನೆಯಲ್ಲಿ ತಾನೇ ವಾಸವಿದ್ದರೆ ವೈರಿಂಗ್ ಮಾಡಿಕೊಳ್ಳಲು ಬಿಡುತ್ತಾರೆ, ಆಮೇಲೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಸುಮ್ನೆ ಕಿರಿಕಿರಿ ಅಂತ ಬಿಡಬೇಡಿ. ಇನ್ನೊಬ್ಬರು ನೋಡಿ ಸರಿ ಅಂದರೆ ನೆಮ್ಮದಿ.

ಎಲ್ಲೆಲ್ಲಿ ಹಾಕಬೇಕು ಅನ್ನುವುದೇ ಅರ್ಧ ಕೆಲಸ. ಎನ್‌ಎಫ್‌ಪಿಎ 72 ಅನ್ನುವ ಅಮೆರಿಕದ ಅಗ್ನಿ ಸುರಕ್ಷತಾ ನಿಯಮದ ಪ್ರಕಾರ ಪ್ರತಿ ಬೆಡ್‌ರೂಮ್ ಒಳಗೆ ಒಂದು, ಬೆಡ್‌ರೂಮ್‌ಗಳ ಹೊರಗೆ ಒಂದು, ಮಹಡಿಗೆ ಕನಿಷ್ಠ ಒಂದು. ಬಚ್ಚಲ ಬಾಗಿಲು, ಎಸಿ ಗಾಳಿ ಬರುವ ಜಾಲರಿ, ಫ್ಯಾನ್ ರೆಕ್ಕೆಯ ತುದಿ, ಇವುಗಳಿಂದ 3 ಅಡಿ ದೂರ. ಒಲೆಯಿಂದ ಕನಿಷ್ಠ 10 ಅಡಿ. ಈ ಹತ್ತು ಅಡಿ ಬರೆದವರ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ ಅಂತ ಕಾಣುತ್ತೆ. ನಾನು ಜಾಗ ಸಿಕ್ಕಷ್ಟೂ ದೂರಕ್ಕೆ ತಳ್ಳಿದೆ, ಫೋಟೋಎಲೆಕ್ಟ್ರಿಕ್ ಜಾತಿಯದನ್ನೇ ತಂದೆ. ಅಯೊನೈಸೇಷನ್ ಜಾತಿಯಲ್ಲಿ ಚಿಟಿಕೆಗಿಂತಲೂ ಕಡಿಮೆ ಅಮೆರಿಸಿಯಂ ಅನ್ನುವ ವಿಕಿರಣಶೀಲ ಲೋಹ ಇರುತ್ತೆ. ಜ್ವಾಲೆ ಎದ್ದು ಉರಿಯುವ ಬೆಂಕಿಯನ್ನು ಅದು ಬೇಗ ಹಿಡಿಯುತ್ತೆ, ಆದರೆ ಅಡುಗೆಯ ಹೊಗೆಗೂ ಬೇಗ ಬೆದರುತ್ತೆ. ಫೋಟೋಎಲೆಕ್ಟ್ರಿಕ್ ಒಳಗೆ ಬೆಳಕಿನ ಕಿರಣ ಇರುತ್ತೆ. ಸೋಫಾ, ಹಾಸಿಗೆ ಹೊಗೆಯಾಡುತ್ತಾ ಸುಡುವಾಗ ಅದೇ ಮೇಲು. ಅಲಾರಂಗಳಿಗೆ ಮಾಡುವ ಹೊಸ ಯುಎಲ್ 217 ಸುರಕ್ಷತಾ ಪರೀಕ್ಷೆಯಲ್ಲಿ ಹ್ಯಾಂಬರ್ಗರ್ ಸುಟ್ಟು, ಅದಕ್ಕೆ ಅಲಾರಂ ಕೂಗಬಾರದು ಅಂತ ನೋಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಹುರಿದು ನೋಡಿದ್ದಾರೋ ಇಲ್ಲವೋ.

ಈಗ ವೈರ್ ವಿಷಯ. ಭಾರತದಲ್ಲಿ ಕೈ ಪಳಗಿದವರು ಇಲ್ಲಿ ಸ್ವಲ್ಪ ನಿಂತು ಓದಿ. ನಮ್ಮೂರಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪಿನಲ್ಲೇ ಕರೆಂಟು, ಬಿಳಿ ನ್ಯೂಟ್ರಲ್. ಮೊದಲ ಅಲಾರಂ ಬಾಕ್ಸಿನ ತನಕ 14/2 ಕೇಬಲ್ (14 ಗೇಜ್ ದಪ್ಪದ ಎರಡು ವೈರ್, ಜೊತೆಗೆ ಅರ್ತ್ ತಂತಿ) ಸಾಕು. ಅಲ್ಲಿಂದ ಮುಂದೆ ಬಾಕ್ಸಿನಿಂದ ಬಾಕ್ಸಿಗೆ 14/3 ಎಳೆಯಬೇಕು. ಅದರಲ್ಲಿ ಕಪ್ಪು, ಬಿಳಿ, ತಾಮ್ರದ ಬರಿ ಅರ್ತ್ ತಂತಿ, ಜೊತೆಗೆ ಕೆಂಪು. ಆ ಕೆಂಪೇ ಈ ಇಡೀ ಕೆಲಸದ ಜೀವ. ಸುಮ್ಮನಿದ್ದಾಗ ಅದರಲ್ಲಿ ಏನೂ ಇರಲ್ಲ. ಯಾವುದಾದರೂ ಅಲಾರಂ ಹೊಗೆ ಕಂಡಾಗ ಕೆಂಪಿನ ಮೇಲೆ ಸುಮಾರು 9 ವೋಲ್ಟ್ ಡಿಸಿ ಹಾಕುತ್ತೆ, ಮಿಕ್ಕವೆಲ್ಲ ಅದನ್ನು ನೋಡಿ ಕೂಗುತ್ತವೆ. ಅದನ್ನು ಯಾವತ್ತೂ 120 ವೋಲ್ಟಿಗೆ ಮುಟ್ಟಿಸಬಾರದು. ಕೆಂಪಿಗೆ ಕೆಂಪು, ಅಷ್ಟೆ. ಕಿಡ್ಡೆಯ ಪ್ಲಗ್‌ನಲ್ಲಿ ಈ ಮೂರನೇ ವೈರ್ ಕೆಂಪು, ಫಸ್ಟ್ ಅಲರ್ಟ್‌ನಲ್ಲಿ ಕಿತ್ತಳೆ. ಎರಡು ಕಂಪನಿಗಳನ್ನು ಒಂದೇ ಸಾಲಿನಲ್ಲಿ ಬೆರೆಸಬೇಡಿ. ಅರ್ತ್ ತಂತಿಗೆ ಅಲಾರಂನಲ್ಲಿ ಜಾಗ ಇಲ್ಲ. ಬಂದದ್ದನ್ನೂ ಹೋಗುವುದನ್ನೂ ಸೇರಿಸಿ ವೈರ್ ನಟ್ (ವೈರ್ ತುದಿಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಟೊಪ್ಪಿ) ತಿರುಗಿಸಿ ಬಾಕ್ಸ್ ಒಳಗೆ ಮಡಚಿಟ್ಟರೆ ಆಯಿತು.

ಮೇಲಿನ ಮಹಡಿಯದು ಸಲೀಸು. ಸೂರಿನಲ್ಲಿ ಬಾಕ್ಸ್ ಅಳತೆಗೆ ತೂತು ಕೊರೆದು, ಅಟ್ಟದಿಂದ ಕೇಬಲ್ ಇಳಿಬಿಟ್ಟೆ. ಅಟ್ಟದಲ್ಲಿ ಶಾಖ ತಡೆಯಲು ಹಾಸಿದ ಫೈಬರ್‌ಗ್ಲಾಸ್ ಮೈಗೆ ತಾಗಿದರೆ ಎರಡು ದಿನ ತುರಿಕೆ, ತುಂಬು ತೋಳಿನ ಅಂಗಿ, ಮಾಸ್ಕ್ ಬೇಕೇ ಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಅಟ್ಟ ಹತ್ತುವ ಯೋಚನೆಯೇ ಬೇಡ. ಬಾಕ್ಸ್ ಸುತ್ತ, ಕೇಬಲ್ ಬರುವ ತೂತಿನ ಸುತ್ತ ಸೀಲ್ ಮಾಡಿದೆ. ಇಲ್ಲದಿದ್ದರೆ ಅಟ್ಟದ ಗಾಳಿ ಅಲಾರಂ ಹಿಂದಿನಿಂದ ಇಳಿದು, ರೂಮಿನ ಹೊಗೆ ಒಳಗೆ ಹೋಗದ ಹಾಗೆ ತಳ್ಳುತ್ತೆ. ಈ ಒಂದು ವಿಷಯ ತುಂಬ ಜನ ಬಿಟ್ಟುಬಿಡುತ್ತಾರೆ.

ಕೆಳಗಿನ ರೂಮಿಗೆ ಇಳಿಯುವುದೇ ಕಸರತ್ತು. ಮೇಲಿನ ಬೆಡ್‌ರೂಮಿನ ಕ್ಲಾಸೆಟ್ ಗೋಡೆಯನ್ನು ದಾರಿ ಮಾಡಿಕೊಂಡೆ. ಒಳಗೆ ಬಟ್ಟೆ ಹಿಂದೆ ಡ್ರೈವಾಲ್ (ಗೋಡೆಯ ಜಿಪ್ಸಂ ಹಲಗೆ) ಕತ್ತರಿಸಿದರೆ ಯಾರಿಗೂ ಕಾಣಲ್ಲ, ಅಲ್ವಾ. ಅಟ್ಟದಲ್ಲಿ ಗೋಡೆಯ ತಲೆಮರಕ್ಕೆ ತೂತು ಕೊರೆದೆ. ಫ್ಯಾನ್ ಎಳೆಯೋಕೆ ನೇತುಬಿಟ್ಟಿರುತ್ತಾರಲ್ಲ, ಆ ಗುಂಡುಮಣಿಯ ಉಕ್ಕಿನ ಚೈನ್ ಅದರೊಳಗೆ ಬಿಟ್ಟೆ. ಗೋಡೆಯೊಳಗೆ ಅದು ಜಾರುವ ಸದ್ದು ಕೇಳುತ್ತಾ ಹೋಗುತ್ತೆ, ಎಲ್ಲಾದರೂ ಅಡ್ಡಮರ ಇದ್ದರೆ ಟಕ್ ಅಂತ ನಿಲ್ಲುತ್ತೆ. ಕೆಳಗೆ ನೆಲದ ಹತ್ತಿರ ಕತ್ತರಿಸಿದ ಕಿಂಡಿಗೆ ಅಯಸ್ಕಾಂತ ಹಿಡಿದರೆ ಚೈನ್ ತುದಿ ತಾನಾಗೇ ಬಂದು ಅಂಟಿಕೊಳ್ಳುತ್ತೆ. ಅದಕ್ಕೆ ಕೇಬಲ್ ಕಟ್ಟಿ ಎಳೆದುಕೊಳ್ಳುವುದು. ಅದೇ ಕಿಂಡಿಯಿಂದ ಬಾಗುವ ಉದ್ದನೆ ಡ್ರಿಲ್ ಬಿಟ್‌ನಲ್ಲಿ ನೆಲ ಕೊರೆದು, ಎರಡು ತೊಲೆಗಳ ನಡುವಿನ ಸಂದಿನಲ್ಲಿ ಫಿಶ್ ಟೇಪ್ (ವೈರ್ ಎಳೆಯುವ ಉದ್ದನೆ ಪಟ್ಟಿ) ತಳ್ಳಿ, ಅಪ್ಪನ ರೂಮಿನ ಸೂರಿನ ತೂತಿನಿಂದ ಹೊರಗೆ ತೆಗೆದೆ. ಅಮ್ಮ ಕೆಳಗೆ ನಿಂತು "ಬಂತು ಬಂತು, ಇಲ್ಲಿ ಬಾಲ ಕಾಣ್ತಿದೆ ನೋಡೋ" ಅಂತ ಕೂಗಿದರು. ಇನ್‌ಸ್ಪೆಕ್ಟರ್ ನೋಡಿಹೋದ ಮೇಲೆ ಕೊರೆದ ತೂತುಗಳನ್ನೆಲ್ಲ ಬೆಂಕಿ ತಡೆಯುವ ಕಾಕ್ (ಸಂದು ಮುಚ್ಚುವ ಅಂಟು) ತುಂಬಿ ಮುಚ್ಚಿದೆ. ಹೊಗೆ ಮೇಲೇರಲು ನಾವೇ ದಾರಿ ಕೊರೆದುಕೊಡಬಾರದು.

ಕರೆಂಟ್ ಎಲ್ಲಿಂದ? ಅಲಾರಂಗಳಿಗೇ ಬೇರೆ ಬ್ರೇಕರ್ ಇರಲಿ ಅನ್ನುವವರಿದ್ದಾರೆ. ನನಗೆ ಅದು ಒಪ್ಪಲಿಲ್ಲ. ಬೇರೆ ಬ್ರೇಕರ್ ಬಿದ್ದುಹೋದರೆ ಯಾರು ಗಮನಿಸುತ್ತಾರೆ? ಹಾಲ್‌ನ ದೀಪದ ಸರ್ಕಿಟ್‌ನಿಂದಲೇ ತೆಗೆದರೆ, ದೀಪ ಹತ್ತದಿದ್ದ ದಿನವೇ ಗೊತ್ತಾಗುತ್ತೆ. ಸ್ವಿಚ್ಚಿಗಿಂತ ಹಿಂದಿನಿಂದ ತೆಗೆಯಬೇಕು ಅನ್ನುವುದು ಮುಖ್ಯ, ದೀಪ ಆರಿಸಿದಾಗ ಅಲಾರಂಗೂ ಕರೆಂಟ್ ಹೋಗಬಾರದಲ್ಲ. ಆ ಸರ್ಕಿಟ್‌ಗೇ ಹೊಸ ಎಎಫ್‌ಸಿಐ ಬ್ರೇಕರ್ (ವೈರಿನಲ್ಲಿ ಕಿಡಿ ಹಾರಿದರೆ ಕರೆಂಟ್ ಕಡಿಯುವಂಥದ್ದು) ಕೂರಿಸಲು ಮಾತ್ರ ಎಲೆಕ್ಟ್ರಿಷಿಯನ್‌ಗೆ ಹೇಳಿದೆ. ಮೇನ್ ಆಫ್ ಮಾಡಿದರೂ ಹೊರಗಿನ ಲೈನ್ ಬಂದು ಸೇರುವ ಜಾಗದಲ್ಲಿ ಕರೆಂಟ್ ಇದ್ದೇ ಇರುತ್ತೆ, ಅದರ ಪಕ್ಕ ಕೈ ಹಾಕುವ ಆಸೆ ನನಗಿಲ್ಲ.

ಅಲಾರಂ ಮೇಲಿನ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ಡ್ರೈವಾಲ್ ಉಜ್ಜಿ, ಬಣ್ಣ ಬಳಿದು ಮುಗಿಸಿದ ಮೇಲೇ ತೆಗೆದೆ. ಧೂಳು ಹೊಕ್ಕರೆ ಕಾರಣವಿಲ್ಲದೆ ಕೂಗುತ್ತೆ. ಆಮೇಲೆ ಪ್ರತಿಯೊಂದರ ಬಟನ್ ಒತ್ತಿ, ಎಲ್ಲ ರೂಮಲ್ಲೂ ಕೂಗುತ್ತಾ ಅಂತ ಕೇಳಿದ್ದಾಯಿತು. ಬ್ರೇಕರ್ ಆಫ್ ಮಾಡಿ ಬರಿ ಬ್ಯಾಟರಿ ಮೇಲೂ ಇದೇ ಪರೀಕ್ಷೆ. ಮೂರು ಸಲ ಕೂಗಿ ನಿಲ್ಲಿಸಿದರೆ ಹೊಗೆ, ನಾಲ್ಕು ಸಲ ಕೂಗಿ ನಿಲ್ಲಿಸಿದರೆ ಕಾರ್ಬನ್ ಮಾನಾಕ್ಸೈಡ್ ಅಂತ ಮನೆಯವರಿಗೆಲ್ಲ ಹೇಳಿಕೊಟ್ಟೆ. ಎಲ್ಲ ಒಟ್ಟಿಗೆ ಅರಚುವಾಗ ಶುರು ಮಾಡಿದ್ದು ಯಾವುದು ಅಂತ ಅದರ ಕೆಂಪು ದೀಪ ಹೇಳುತ್ತೆ. ನಮ್ಮಲ್ಲಿ ಅದು ಬೇಗ ಬೇಗ ಮಿನುಗುತ್ತೆ. ಒಗ್ಗರಣೆಯ ಗಲಾಟೆಯಾದರೆ ಆ ಒಂದರ ಹಶ್ ಬಟನ್ ಒತ್ತಿದರೆ ಎಲ್ಲವೂ ಸುಮ್ಮನಾಗುತ್ತವೆ.

ಇಷ್ಟಾದರೂ ಅಪ್ಪನಿಗೆ ಕೇಳಿಸಲಿಲ್ಲ. ತಲೆಯ ಮೇಲೇ ಕೂಗುತ್ತಿದ್ದರೂ ಹಿಯರಿಂಗ್ ಏಡ್ ಇಲ್ಲದೆ "ಏನೋ ಕೀಚಲು" ಅಂದರು. ಸಾಮಾನ್ಯ ಅಲಾರಂ ಸುಮಾರು 3000 ಹರ್ಟ್ಜ್ ಆಸುಪಾಸಿನ ಕೀರಲು ದನಿ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಅದನ್ನೇ. ಅದಕ್ಕೆ ಹಾಸಿಗೆ ಪಕ್ಕ ಇಡುವ ಪೆಟ್ಟಿಗೆ ಸಿಗುತ್ತೆ. ಸೂರಿನ ಅಲಾರಂನ ಮೂರರ ಲಯ ಕೇಳಿಸಿಕೊಂಡು 520 ಹರ್ಟ್ಜ್‌ನ ದಪ್ಪ ದನಿಯಲ್ಲಿ ಕೂಗುತ್ತೆ, ಹಾಸಿಗೆ ಕೆಳಗಿಟ್ಟ ಬಿಲ್ಲೆಯನ್ನು ಅಲುಗಾಡಿಸುತ್ತೆ. ಆ ರೂಮಲ್ಲೇ ಒಂದು ಅಲಾರಂ ಕೂಗದಿದ್ದರೆ ಪೆಟ್ಟಿಗೆಗೆ ಕೇಳಿಸುವುದಾದರೂ ಹೇಗೆ? ಕ್ಲಾಸೆಟ್ ಒಳಗೆ ಹಾದುಹೋದ ಆ ಕೆಂಪು ವೈರ್ ಇಲ್ಲಿ ಉಪಯೋಗಕ್ಕೆ ಬಂತು.

ಅಂಗಡಿಯಲ್ಲಿ ಆರು ಅಲಾರಂಗಳ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತೆ ಅಂತ ಒಂದೆರಡು ಜಾಸ್ತಿ ತಂದು ಇಟ್ಟುಕೊಳ್ಳಬೇಡಿ. ಸ್ಮೋಕ್ ಅಲಾರಂ ಆಯಸ್ಸು 10 ವರ್ಷ, ಲೆಕ್ಕ ಶುರುವಾಗುವುದು ಹಿಂದೆ ಅಚ್ಚಾಗಿರುವ ತಯಾರಿಕೆಯ ದಿನದಿಂದ. ಕಪಾಟಿನಲ್ಲಿ ಕೂತಿದ್ದರೂ ಅದಕ್ಕೆ ವಯಸ್ಸಾಗುತ್ತಲೇ ಇರುತ್ತೆ.