ಕಟ್ಟಡದ ಎಲೆಕ್ಟ್ರಿಕಲ್ ಡಿಸೈನ್‌ಗೆ ಬರುವುದು ಹೇಗೆ: ಮೊದಲು ಜಾಗ ಕೇಳಲು ಕಲಿಯಿರಿ

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರಲ್ಲಿ ಬಹಳ ಜನಕ್ಕೆ ಇಂಥದ್ದೊಂದು ಕೆಲಸ ಇದೆ ಅಂತಲೇ ಗೊತ್ತಿರುವುದಿಲ್ಲ. ಪವರ್ ಪ್ಲಾಂಟ್ ಗೊತ್ತು, ಸಬ್‌ಸ್ಟೇಷನ್ ಗೊತ್ತು, ಚಿಪ್ ಡಿಸೈನ್ ಗೊತ್ತು. ಎಲ್ಲವೂ ಬೇಜಾರಾದರೆ ಸಾಫ್ಟ್‌ವೇರ್ ಹೇಗೂ ಇದೆ. ಕಟ್ಟಡ ಅಂದ ಕೂಡಲೇ "ಅದು ವೈರಿಂಗ್ ಕೆಲಸ ಅಲ್ವಾ?" ಅನ್ನುತ್ತಾರೆ. ವೈರಿಂಗ್ ಹೌದು. ಆದರೆ ವೈರು ಎಳೆಯುವ ಮೊದಲು ಯಾರೋ ಒಬ್ಬರು ಕೂತು ಯೋಚಿಸಿರಬೇಕು. ಈ ಕಟ್ಟಡಕ್ಕೆ ಎಷ್ಟು ಪವರ್ ಬೇಕು, ಅದು ಯಾವ ದಾರಿಯಲ್ಲಿ ಒಳಗೆ ಬರಬೇಕು, ಕರೆಂಟ್ ಹೋದಾಗ ಏನೇನು ನಡೆಯುತ್ತಿರಬೇಕು, ಒಂದು ಮೂಲೆಯಲ್ಲಿ ಶಾರ್ಟ್ ಆದರೆ ಆ ಮೂಲೆ ಮಾತ್ರ ಟ್ರಿಪ್ ಆಗಬೇಕೋ ಇಡೀ ಮಹಡಿ ಕತ್ತಲಾಗಬೇಕೋ. ಆ ಒಬ್ಬರು ನಾವು. ನಾನು ಈ ಕೆಲಸದಲ್ಲೇ ಹಳಬಳಾಗಿದ್ದೇನೆ. ಈಗ ಹೊಸಬರನ್ನು ಇಂಟರ್‌ವ್ಯೂ ಮಾಡುವುದೂ ನಾನೇ. ಅಲ್ಲಿ ಹೇಳಲು ಸಮಯ ಸಿಗದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾಕೆ ಬರಬೇಕು, ಯಾರು ಬರಬಾರದು

ನನ್ನನ್ನು ಇಲ್ಲಿ ಹಿಡಿದಿಟ್ಟದ್ದು ಒಂದೇ ವಿಷಯ. ಪ್ರತಿ ಕಟ್ಟಡಕ್ಕೂ ಅದರದೇ ಹಟ ಇರುತ್ತದೆ. ನಾಟಕಶಾಲೆಯಲ್ಲಿ ಡಿಮ್ಮರ್‌ನ ಗುಂಯ್ ಸದ್ದು ಪ್ರೇಕ್ಷಕರ ಕಿವಿಗೆ ಬೀಳಬಾರದು. ಆಪರೇಷನ್ ಥಿಯೇಟರಿನಲ್ಲಿ ಒಂದು ವೈರು ಅರ್ತ್‌ಗೆ ತಗುಲಿದರೂ ಸಪ್ಲೈ ನಿಲ್ಲಬಾರದು. ಅದಕ್ಕೇ ಅಲ್ಲಿ ಸಪ್ಲೈಯನ್ನು ಅರ್ತ್‌ನಿಂದ ಬೇರೆಯಾಗಿಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಮೊದಲ ಅರ್ತ್ ಫಾಲ್ಟ್‌ಗೆ ಅಲಾರಂ ಮಾತ್ರ ಹೊಡೆಯುವ ಹಾಗೆ ಮಾಡುತ್ತೇವೆ. ಮನೆಯಲ್ಲಿ ಇದರ ಉಲ್ಟಾ. ಅಲ್ಲಿ 30 ಮಿಲಿಆಂಪ್ ಸೋರಿದರೂ ಆರ್‌ಸಿಡಿ (ಸೋರಿಕೆ ಕಂಡರೆ ಸಪ್ಲೈ ಕಡಿಯುವ ಸ್ವಿಚ್) ತಕ್ಷಣ ಬೀಳಬೇಕು. ಅದೇ ಓಮ್ ನಿಯಮ, ಅದೇ ತಾಮ್ರ. ಒಳಗೆ ಯಾರಿರುತ್ತಾರೆ ಅನ್ನುವುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ನನಗೆ ಇದು ಇನ್ನೂ ಬೇಜಾರಾಗಿಲ್ಲ.

ಬರಬಾರದವರು ಯಾರು? ಹೆಸರು ಬೇಕು ಅನ್ನುವವರು. ಕಟ್ಟಡದ ಫೋಟೋ ಕೆಳಗೆ ಆರ್ಕಿಟೆಕ್ಟ್ ಹೆಸರಿರುತ್ತದೆ, ನಿಮ್ಮದಿರುವುದಿಲ್ಲ. ನೀವು ಚೆನ್ನಾಗಿ ಮಾಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಲೈಟು ಹತ್ತುತ್ತದೆ, ಅಷ್ಟೇ. ಆಮೇಲೆ, ಒಮ್ಮೆ ಮುಗಿಸಿದ್ದನ್ನು ಮತ್ತೆ ಮುಟ್ಟಬಾರದು ಅನ್ನುವ ಸ್ವಭಾವದವರಿಗೂ ಇದು ಕಷ್ಟ. ಗೋಡೆ ಎರಡು ಅಡಿ ಸರಿಯುತ್ತದೆ, ಅಡುಗೆಮನೆ ಮೇಲಿನ ಮಹಡಿಗೆ ಹೋಗುತ್ತದೆ, ನಿಮ್ಮ ಡ್ರಾಯಿಂಗ್ ಮತ್ತೆ ಮೊದಲಿನಿಂದ. ಇದಕ್ಕೆಲ್ಲ ಸಿಟ್ಟು ಮಾಡಿಕೊಂಡರೆ ದಿನ ಸಾಗುವುದಿಲ್ಲ.

ಓದುತ್ತಿರುವಾಗ

ಮಷೀನ್ಸ್, ಪವರ್ ಸಿಸ್ಟಮ್ಸ್, ಪ್ರೊಟೆಕ್ಷನ್ ಈ ಮೂರನ್ನು ಸರಿಯಾಗಿ ಓದಿ. ಉಳಿದದ್ದರಲ್ಲಿ ಪಾಸಾದರೆ ಸಾಕು ಅನ್ನುವುದು ನನ್ನ ಸ್ವಂತ ಅಭಿಪ್ರಾಯ, ನಿಮ್ಮ ಮೇಷ್ಟ್ರಿಗೆ ಹೇಳಬೇಡಿ.

ಕಾಲೇಜಿನಲ್ಲಿ ಕಲಿಸದ್ದು ಮೂರಿವೆ: ಡ್ರಾಯಿಂಗ್ ಓದುವುದು, ಸ್ಟ್ಯಾಂಡರ್ಡ್ ಓದುವುದು, ಬೆಳಕು. ಇವನ್ನು ನೀವೇ ಶುರು ಮಾಡಬಹುದು. ಈಗ ಇರುವ ಕಟ್ಟಡದ ಸಿಂಗಲ್ ಲೈನ್ ಡಯಾಗ್ರಾಂ ಬರೆಯಿರಿ. ಮೀಟರಿನಿಂದ ಮೇನ್ ಸ್ವಿಚ್, ಅಲ್ಲಿಂದ ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್, ಕರೆಂಟ್ ಹಂಚುವ ಪೆಟ್ಟಿಗೆ), ಡಿಬಿಯಿಂದ ಒಂದೊಂದು ಸರ್ಕ್ಯೂಟ್. ಪ್ಯಾನಲ್ ಕವರ್ ಬಿಚ್ಚುವ ಸಾಹಸ ಬೇಡ, ಎಂಸಿಬಿ (ಒಂದೊಂದು ಸರ್ಕ್ಯೂಟ್ ಕಡಿಯುವ ಸ್ವಿಚ್) ಮೇಲಿನ ಬರಹವೇ ಸಾಕಷ್ಟು ಹೇಳುತ್ತದೆ. ಯಾವ ಎಂಸಿಬಿ ಇಳಿಸಿದರೆ ಎಲ್ಲೆಲ್ಲಿ ಕತ್ತಲಾಗುತ್ತದೆ ಅಂತ ಮನೆಯವರನ್ನು ಕೇಳಿಕೊಂಡು ನೋಡಿ. ಈ ಒಂದು ಹಾಳೆ ಹಿಡಿದು ಇಂಟರ್‌ವ್ಯೂಗೆ ಬಂದವರನ್ನು ನಾನು ಬೇಗ ಮರೆಯುವುದಿಲ್ಲ.

ಆಮೇಲೆ ಒಂದು ಲೆಕ್ಕ ಕೈಯಲ್ಲೇ ಮಾಡಿ. 230 ವೋಲ್ಟ್‌ನ ಒಂದು ಲೈಟಿಂಗ್ ಸರ್ಕ್ಯೂಟ್, 1.5 ಸ್ಕ್ವೇರ್ ಎಂಎಂ ತಾಮ್ರದ ವೈರು, 30 ಮೀಟರ್ ದೂರ, ಕೊನೆಯಲ್ಲಿ 10 ಆಂಪ್ ಲೋಡ್. ಬಿಸಿಯಾದ ವೈರಿನಲ್ಲಿ ಈ ಸೈಜಿಗೆ ಪ್ರತಿ ಆಂಪ್‌ಗೆ, ಪ್ರತಿ ಮೀಟರಿಗೆ 29 ಮಿಲಿವೋಲ್ಟ್ ಡ್ರಾಪ್ (ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜ್) ಅಂತ ಟೇಬಲ್ ಹೇಳುತ್ತದೆ. ಗುಣಿಸಿದರೆ 8.7 ವೋಲ್ಟ್, ಅಂದರೆ ಶೇ. 3.8. ಸಾರ್ವಜನಿಕ ಸಪ್ಲೈನಿಂದ ಬರುವ ಲೈಟಿಂಗಿಗೆ ಐಇಸಿ 60364 ಅನ್ನುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಶೇ. 3ರ ಒಳಗಿರಲಿ ಅನ್ನುತ್ತದೆ. ಫೇಲ್. ವೈರನ್ನು 2.5 ಮಾಡಿದರೆ 18 ಮಿಲಿವೋಲ್ಟ್, ಒಟ್ಟು 5.4 ವೋಲ್ಟ್, ಶೇ. 2.3. ಪಾಸ್. ಈಗ ಯೋಚನೆ ಮಾಡಿ: ವೈರು ದಪ್ಪ ಮಾಡುವ ಬದಲು ಡಿಬಿಯನ್ನೇ ಹತ್ತು ಮೀಟರ್ ಹತ್ತಿರ ತಂದರೆ? ಆಗ 5.8 ವೋಲ್ಟ್, ಶೇ. 2.5, ಹಳೇ ವೈರಿನಲ್ಲೇ ಪಾಸ್. ಈ ಪ್ರಶ್ನೆ ತಾನಾಗಿ ಹೊಳೆಯಿತು ಅಂದರೆ ನೀವು ಕಟ್ಟಡದ ಎಂಜಿನಿಯರ್ ಆಗಲು ಶುರು ಮಾಡಿದ್ದೀರಿ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆಟೊಕ್ಯಾಡ್ ಬರಲಿ, ರೆವಿಟ್ ಅಷ್ಟಿಷ್ಟು ಬರಲಿ, ಬೆಳಕಿನ ಲೆಕ್ಕಕ್ಕೆ ಡಯಾಲಕ್ಸ್ ಪುಕ್ಕಟೆ ಸಿಗುತ್ತದೆ. ಉಳಿದದ್ದು ಆಫೀಸಿನಲ್ಲಿ ಕಲಿಯಬಹುದು. ಸ್ಟ್ಯಾಂಡರ್ಡ್ ಮಾತ್ರ ಇವತ್ತೇ ಹಿಡಿಯಿರಿ. ಬಹಳಷ್ಟು ದೇಶಗಳ ನಿಯಮ ಐಇಸಿ 60364 ಆಧರಿಸಿದ್ದು, ಅಮೆರಿಕದಲ್ಲಿ ಎನ್‌ಎಫ್‌ಪಿಎ 70, ಬ್ರಿಟನ್ನಿನಲ್ಲಿ ಬಿಎಸ್ 7671. ನೀವಿರುವ ಕಡೆ ಯಾವುದು ನಡೆಯುತ್ತದೋ ಅದನ್ನು ತೆಗೆದುಕೊಂಡು ಅರ್ತಿಂಗ್ ಮತ್ತು ಶಾಕ್ ತಡೆಯುವ ಅಧ್ಯಾಯದಿಂದ ಓದಿ. ಮೊದಲ ಪುಟದಿಂದ ಓದಲು ಹೋದವರು ಮೂರನೇ ದಿನ ನಿಲ್ಲಿಸುತ್ತಾರೆ.

ಮೊದಲ ಕೆಲಸ

ಕನ್ಸಲ್ಟೆಂಟ್ ಆಫೀಸೋ, ಕಾಂಟ್ರಾಕ್ಟರ್ ಹತ್ತಿರವೋ ಅಂತ ಕೇಳುತ್ತಾರೆ. ಸಿಕ್ಕಿದರೆ ಮೊದಲು ಸೈಟಿಗೆ ಹೋಗಿ ಅನ್ನುತ್ತೇನೆ. ಡ್ರಾಯಿಂಗ್‌ನಲ್ಲಿ ಕೇಬಲ್ ಒಂದು ಗೆರೆ. ಗೆರೆಯನ್ನು ಎಲ್ಲಿ ಬೇಕಾದರೂ 90 ಡಿಗ್ರಿ ತಿರುಗಿಸಬಹುದು. ಸೈಟಿನಲ್ಲಿ ನಾಲ್ಕು ಕೋರ್‌ನ 240 ಸ್ಕ್ವೇರ್ ಎಂಎಂ ಆರ್ಮರ್ಡ್ ಕೇಬಲ್ ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಸುಮಾರು 60 ಮಿಲಿಮೀಟರ್ ದಪ್ಪ. ಇಂಥದ್ದನ್ನು ವ್ಯಾಸದ 8ರಿಂದ 12 ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸುವ ಹಾಗಿಲ್ಲ. ಅಂದರೆ ಒಂದು ತಿರುವಿಗೆ ಅರ್ಧದಿಂದ ಮುಕ್ಕಾಲು ಮೀಟರ್ ತ್ರಿಜ್ಯ ಬೇಕು. ನಾಲ್ಕೈದು ಜನ "ಹೋ" ಅಂತ ಎಳೆಯುತ್ತಿರುತ್ತಾರೆ. ಮೇಸ್ತ್ರಿ ನಿಮ್ಮ ಕಡೆ ತಿರುಗಿ "ಮೇಡಂ, ಇದು ಇಲ್ಲಿ ತಿರುಗಲ್ಲ" ಅನ್ನುತ್ತಾನೆ. ಆ ಮಾತು ಕೇಳಿದ ಮೇಲೆ ನೀವು ಬರೆಯುವ ಗೆರೆಯೇ ಬೇರೆಯಾಗುತ್ತದೆ.

ಮೊದಲ ಎರಡು ವರ್ಷ ಲೈಟು, ಸಾಕೆಟ್ ಗುರುತು ಹಾಕುವುದೇ ಕೆಲಸ. ಚಿಲ್ಲರೆ ಕೆಲಸ ಅನ್ನಿಸುತ್ತದೆ. ಅದರಲ್ಲೇ ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡುವ ಅಭ್ಯಾಸವಾಗಲಿ. ಬಾಗಿಲ ಹಿಂದೆ ಸ್ವಿಚ್ ಇಟ್ಟ ಡ್ರಾಯಿಂಗ್‌ಗಳು ಇವತ್ತಿಗೂ ನನ್ನ ಮೇಜಿಗೆ ಬರುತ್ತವೆ.

ಜಾಗ ಕೇಳುವ ಕಲೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ವೃತ್ತಿಯಲ್ಲಿ ಮೇಲೆ ಬಂದವರೂ ಅಲ್ಲೇ ಉಳಿದವರೂ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ಜಾಗ ಕೇಳುವುದರಲ್ಲಿ. ಟ್ರಾನ್ಸ್‌ಫಾರ್ಮರ್, ಜನರೇಟರ್, ಪ್ಯಾನಲ್ ರೂಮ್, ಪ್ರತಿ ಮಹಡಿಯ ಎಲೆಕ್ಟ್ರಿಕಲ್ ಶಾಫ್ಟ್ (ಕೇಬಲ್ ಮೇಲೇರುವ ದಾರಿ), ಇವೆಲ್ಲ ಬಾಡಿಗೆ ತರುವ ಜಾಗವನ್ನು ತಿನ್ನುತ್ತವೆ. ಯಾರೂ ಖುಷಿಯಿಂದ ಕೊಡುವುದಿಲ್ಲ. ತಡವಾಗಿ ಕೇಳಿದರೆ ಮೆಟ್ಟಿಲ ಕೆಳಗಿನ ಸಂದಿ ಸಿಗುತ್ತದೆ.

ಹಾಗಾಗಿ ಆರ್ಕಿಟೆಕ್ಟ್ ಮೊದಲ ಸ್ಕೆಚ್ ಇಟ್ಟ ದಿನವೇ ಕೇಳಿ. ಅವತ್ತು ನಿಮ್ಮ ಹತ್ತಿರ ನಿಖರ ಲೋಡ್ ಇರುವುದಿಲ್ಲ, ಪರವಾಗಿಲ್ಲ. 1000 ಚದರ ಮೀಟರ್ ಆಫೀಸ್ ಮಹಡಿಗೆ ಲೈಟಿಗೆ ಚದರ ಮೀಟರಿಗೆ 8 ವ್ಯಾಟ್, ಸಾಕೆಟ್‌ಗೆ 25 ವ್ಯಾಟ್ ಅಂತ ಹಿಡಿದರೂ 33 ಕಿಲೋವ್ಯಾಟ್ ಅಂತ ಒಂದು ಅಂದಾಜು ಬಂತು. ಎಲ್ಲವೂ ಒಟ್ಟಿಗೆ ನಡೆಯುವುದಿಲ್ಲ, ಅದಕ್ಕೆ ಸ್ವಲ್ಪ ಕಳೆಯಿರಿ. ಎಸಿ, ಲಿಫ್ಟ್, ಪಂಪ್ ಸೇರಿಸಿ. ರೂಮಿನ ಸೈಜ್ ಹೇಳಲು ಇಷ್ಟು ಸಾಕು.

ಕೇಳುವಾಗ "ಎಲೆಕ್ಟ್ರಿಕಲ್ ರೂಮಿಗೆ ಜಾಗ ಬೇಕು ಸರ್" ಅಂತ ಸುಮ್ನೆ ಹೇಳಬೇಡಿ. ಸ್ಕೇಲಿಗೆ ಬರೆದ ಚಿತ್ರ ಕೊಡಿ. ಪ್ಯಾನಲ್ ಎಷ್ಟು ಆಳ, ಅದರ ಬಾಗಿಲು ತೆರೆದಾಗ ಎಷ್ಟು, ಮುಂದೆ ಒಬ್ಬ ಮನುಷ್ಯ ನಿಂತು ಕೆಲಸ ಮಾಡಲು ಎಷ್ಟು. ಅಮೆರಿಕದ ನಿಯಮದಲ್ಲಿ ಸಾಮಾನ್ಯ ಲೋ ವೋಲ್ಟೇಜ್ ಪ್ಯಾನಲ್ ಮುಂದೆ ಕನಿಷ್ಠ 3 ಅಡಿ ಖಾಲಿ ಇರಬೇಕು. ಆ ಖಾಲಿ ಜಾಗವನ್ನೂ ಗೆರೆ ಎಳೆದು ತೋರಿಸಿ. ಇಲ್ಲಾಂದ್ರೆ ಅದು ಕಣ್ಣಿಗೆ ಖಾಲಿಯಾಗಿಯೇ ಕಾಣುತ್ತದೆ, ಮುಂದಿನ ಮೀಟಿಂಗ್‌ನಲ್ಲಿ ಅಲ್ಲಿ ಒಂದು ಕಪಾಟು ಬಂದಿರುತ್ತದೆ. ಇನ್ನೂ ಕೇಳಬೇಕಾದ್ದು ಇದೆ. ಮೇಲಿನ ಮಹಡಿಯಲ್ಲಿ ಸರಿಯಾಗಿ ಇದರ ನೆತ್ತಿಯ ಮೇಲೆ ಟಾಯ್ಲೆಟ್ ಇದೆಯಾ? ಟ್ರಾನ್ಸ್‌ಫಾರ್ಮರ್ ಮುಂದೊಂದು ದಿನ ಕೆಟ್ಟರೆ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆ? ಶಾಫ್ಟ್ ಎಲ್ಲಾ ಮಹಡಿಯಲ್ಲೂ ಒಂದರ ಮೇಲೊಂದು ಬರುತ್ತದಾ, ಇಲ್ಲಾ ಐದನೇ ಮಹಡಿಯಲ್ಲಿ ಬೀಮಿಗೆ ಮುಟ್ಟುತ್ತದಾ?

ನೀರಿನ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಬಡಿದಾಗ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಕ್ಷೇಮವಾಗಿದ್ದವು. ಅವುಗಳಿಗೆ ಇಂಧನ ಏರಿಸುವ ಪಂಪುಗಳು ನೆಲಮಾಳಿಗೆಯಲ್ಲಿದ್ದವು. ಪಂಪು ಮುಳುಗಿತು. ಜನ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಇಂಧನವನ್ನು ಕೈಯಿಂದ ಕೈಗೆ ದಾಟಿಸಿ 13 ಮಹಡಿ ಏರಿಸಿದರು. ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಾಯಿತು. ಅದಕ್ಕೂ ಮುಂಚೆ, 2011ರಲ್ಲಿ, ಫುಕುಶಿಮಾ ಅಣುಸ್ಥಾವರದಲ್ಲಿ ಸುನಾಮಿ ಬಂದಾಗ ತುರ್ತು ಜನರೇಟರ್‌ಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದವು, ಸ್ವಿಚ್‌ಗೇರ್ ಕೂಡ ಮುಳುಗಿತು. ಎರಡು ಕಡೆಯೂ ಜನರೇಟರ್ ಸೈಜ್ ಲೆಕ್ಕ ಸರಿಯಿತ್ತು. ಜಾಗ ಸರಿಯಿರಲಿಲ್ಲ. ಆರ್ಕಿಟೆಕ್ಟ್ "ಬೇಸ್‌ಮೆಂಟಿನಲ್ಲಿ ಹಾಕಿ" ಅಂದಾಗ ನಾನು ಈ ಎರಡು ಕಥೆ ಹೇಳುತ್ತೇನೆ. ಜಗಳಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ.

ಫಾಲ್ಸ್ ಸೀಲಿಂಗ್ ಮೇಲಿನ ಜಾಗ ಇನ್ನೊಂದು ರಣರಂಗ. ಡ್ರೈನ್ ಪೈಪಿಗೆ ಇಳಿಜಾರು ಬೇಕು, ಅದನ್ನು ಮೇಲೆ ಕೆಳಗೆ ಮಾಡಲಾಗುವುದಿಲ್ಲ. ಎಸಿ ಡಕ್ಟ್ ದೊಡ್ಡದು, ಅದೂ ಕದಲುವುದಿಲ್ಲ. ಕೊನೆಗೆ ಎಲ್ಲರೂ "ಕೇಬಲ್ ಟ್ರೇ ತಾನೆ, ನೀವು ಸರಿಸಿಕೊಳ್ಳಿ" ಅನ್ನುತ್ತಾರೆ. ಅದು ನ್ಯಾಯವೇ, ಸರಿಸಿಕೊಡಿ. ಆದರೆ ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಟ್ರೇ ಪಕ್ಕದಲ್ಲಿ ಕೈ ಹೋಗುವಷ್ಟು ಜಾಗ, ಕೆಳಗೆ ತೆರೆಯುವ ಪ್ಯಾನಲ್ ಕೇಳಿ ಪಡೆಯಿರಿ. ಇದಕ್ಕೆಲ್ಲ ಮುಚ್ಚುಮರೆ ಯಾಕೆ ಅಂದವರೂ ಇದ್ದಾರೆ. ಆರ್ಕಿಟೆಕ್ಟ್‌ಗಳಾದ ರೆಂಜೊ ಪಿಯಾನೊ ಮತ್ತು ರಿಚರ್ಡ್ ರೋಜರ್ಸ್ ಪ್ಯಾರಿಸ್ಸಿನ ಪಾಂಪಿಡೂ ಸೆಂಟರ್‌ನಲ್ಲಿ ಪೈಪು, ಡಕ್ಟು, ಕೇಬಲ್ ಎಲ್ಲವನ್ನೂ ಹೊರಗೇ ತಂದು ಬಣ್ಣ ಹಚ್ಚಿದರು. ಗಾಳಿಗೆ ನೀಲಿ, ನೀರಿಗೆ ಹಸಿರು, ವಿದ್ಯುತ್ತಿಗೆ ಹಳದಿ. 1977ರಲ್ಲಿ ತೆರೆದದ್ದು. ನಮ್ಮವರ ಕೆಲಸ ಅಷ್ಟು ಧಾರಾಳವಾಗಿ ಕಾಣುವ ಕಟ್ಟಡ ಸಿಗುವುದು ಅಪರೂಪ, 2025ರಲ್ಲಿ ನವೀಕರಣಕ್ಕೆ ಮುಚ್ಚಿದ್ದಾರೆ, ಮತ್ತೆ ತೆರೆದ ಮೇಲೆ ಅವಕಾಶ ಸಿಕ್ಕರೆ ಹೋಗಿ ನೋಡಿ.

ಮುಂದಿನ ದಾರಿಗಳು

ಮೂರ್ನಾಲ್ಕು ವರ್ಷದ ಹೊತ್ತಿಗೆ ಲೋಡ್ ಶೆಡ್ಯೂಲ್, ಕೇಬಲ್ ಸೈಜಿಂಗ್, ಶಾರ್ಟ್ ಸರ್ಕ್ಯೂಟ್ ಲೆಕ್ಕ ನಿಮ್ಮ ಕೈಗೆ ಬರುತ್ತದೆ. ಆಮೇಲೆ ಇಡೀ ಪ್ರಾಜೆಕ್ಟ್. ಕೆಲವು ದೇಶಗಳಲ್ಲಿ ಡ್ರಾಯಿಂಗ್‌ಗೆ ಸಹಿ ಹಾಕಲು ಲೈಸೆನ್ಸ್ ಬೇಕು, ಅಮೆರಿಕದಲ್ಲಿ ಅದಕ್ಕೆ ಪಿಇ (ಪ್ರೊಫೆಷನಲ್ ಎಂಜಿನಿಯರ್) ಅನ್ನುತ್ತಾರೆ. ಅಂಥದ್ದೇನಾದರೂ ನಿಮ್ಮಲ್ಲಿದ್ದರೆ ತಡ ಮಾಡದೆ ಪರೀಕ್ಷೆ ಕಟ್ಟಿ, ಮನೆ ಸಂಸಾರ ಅಂತಾದ ಮೇಲೆ ಓದು ಹತ್ತುವುದಿಲ್ಲ. ಕವಲುಗಳೂ ಇವೆ: ಬರೀ ಲೈಟಿಂಗ್, ಡೇಟಾ ಸೆಂಟರ್, ಫೈರ್ ಅಲಾರಂ, ಪ್ರೊಟೆಕ್ಷನ್ ಸ್ಟಡಿ.

ನನಗೆ ಇಷ್ಟವಾದ ಕವಲು ಕಮಿಷನಿಂಗ್. ಕಟ್ಟಡ ಜನರಿಗೆ ತೆರೆಯುವ ಮೊದಲು ಮೇನ್ ಸಪ್ಲೈಯನ್ನು ಬೇಕೆಂದೇ ತೆಗೆದು ಏನಾಗುತ್ತದೆ ನೋಡುವುದು. ಕಾಗದದ ಮೇಲೆ ಬರೆದ ಒಂದೊಂದು ಮಾತೂ ಆಗ ಪರೀಕ್ಷೆಗೆ ನಿಲ್ಲುತ್ತದೆ.

ಇಂಟರ್‌ವ್ಯೂನಲ್ಲಿ ನಾನು ಕೇಳುವ ಪ್ರಶ್ನೆಯೂ ಅದೇ. "ಆಸ್ಪತ್ರೆ. ರಾತ್ರಿ. ಮೇನ್ ಹೋಯಿತು. ಮುಂದಿನ 15 ಸೆಕೆಂಡ್ ಏನೇನಾಗುತ್ತದೆ ಹೇಳಿ." ಒಳ್ಳೆಯ ಉತ್ತರ ಹೀಗೆ ಶುರುವಾಗುತ್ತದೆ: ಯುಪಿಎಸ್ ಮೇಲಿರುವುದಕ್ಕೆ ಗೊತ್ತೇ ಆಗುವುದಿಲ್ಲ. ಆಪರೇಷನ್ ಟೇಬಲ್ ಮೇಲಿನ ಲೈಟು ಅರ್ಧ ಸೆಕೆಂಡಿನೊಳಗೆ ಬ್ಯಾಟರಿಗೆ ಬರಬೇಕು, ಐಇಸಿ ಅಷ್ಟೇ ಬಿಡುವು ಕೊಡುವುದು. ದಾರಿ ತೋರಿಸುವ ತುರ್ತು ಲೈಟು ತನ್ನ ಬ್ಯಾಟರಿಯಲ್ಲಿ ಹತ್ತುತ್ತದೆ. ಅಷ್ಟರಲ್ಲಿ ಜನರೇಟರ್ ಸ್ಟಾರ್ಟ್ ಆಗಿ, ವೋಲ್ಟೇಜ್ ಸ್ಥಿರವಾಗಿ, ಸುಮಾರು 10 ಸೆಕೆಂಡಿಗೆ ಟ್ರಾನ್ಸ್‌ಫರ್ ಸ್ವಿಚ್ ಜನರೇಟರ್ ಕಡೆ ತಿರುಗುತ್ತದೆ. ಇಲ್ಲಿಗೆ ಬಂದ ಮೇಲೆ ನಾನು ಸುಮ್ಮನಿರುತ್ತೇನೆ. ಕೆಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಕೆಲವರು ಸ್ವಲ್ಪ ತಡೆದು, "ಎಲ್ಲಾ ಮೋಟಾರ್ ಒಟ್ಟಿಗೆ ಬಂದರೆ ಜನರೇಟರ್ ಕುಸಿಯುತ್ತೆ, ಒಂದಾದ ಮೇಲೊಂದು ಬರಬೇಕು. ಲಿಫ್ಟ್ ಯಾವಾಗ ಬಿಡ್ತೀರಿ ಮೇಡಂ?" ಅಂತ ನನ್ನನ್ನೇ ಕೇಳುತ್ತಾರೆ. ಹಾಗೆ ಕೇಳಿದವರ ಅರ್ಜಿಯ ಮೇಲೆ ಅಲ್ಲೇ ಟಿಕ್ ಹಾಕಿಬಿಡುತ್ತೇನೆ.