ಅಪರಿಚಿತ ಗ್ಯಾರೇಜ್ ರಾಕ್ ತಂಡಗಳ ಸಂಕಲನಗಳನ್ನು ಆರಿಸುವ ಬಗೆ

ಅರವತ್ತರ ದಶಕದ ಅಮೆರಿಕನ್ ಗ್ಯಾರೇಜ್ ರಾಕ್, ಅಂದರೆ ಊರೂರಿನ ಹವ್ಯಾಸಿ ಹುಡುಗರ ತಂಡಗಳ ಒರಟು ರಾಕ್ ಸಂಗೀತ, ಕೇಳತೊಡಗುವವರಿಗೆ ಸಾಮಾನ್ಯವಾಗಿ ಮೊದಲು ಸೂಚಿಸಲಾಗುವುದು, ಲೆನ್ನಿ ಕೇ ಸಂಪಾದಿಸಿ 1972ರಲ್ಲಿ ಎಲೆಕ್ಟ್ರಾ ಸಂಸ್ಥೆ ಹೊರತಂದ ‘ನಗೆಟ್ಸ್’ ಎಂಬ ಜೋಡಿ ಎಲ್‌ಪಿ (ದೊಡ್ಡ ಧ್ವನಿಮುದ್ರಿಕೆ) ಸಂಕಲನ. ಅದನ್ನು ಕೇಳಲೇಬೇಕು. ಆದರೆ ಅದರ 27 ಹಾಡುಗಳಲ್ಲಿ ಹಲವು ತಮ್ಮ ಕಾಲದಲ್ಲಿ ದೇಶದಾದ್ಯಂತ ಜನಪ್ರಿಯವಾಗಿದ್ದವು. ಕೌಂಟ್ ಫೈವ್ ತಂಡದ ಹಾಡಂತೂ 1966ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಯ 5ನೆಯ ಸ್ಥಾನಕ್ಕೇರಿತ್ತು. ಊರಿನಾಚೆ ಹೆಸರೇ ಕೇಳಿಬರದಿದ್ದ ತಂಡಗಳು ಬೇಕಾದರೆ ಮುಂದಿನ ಸಂಕಲನಗಳನ್ನು ಪ್ರದೇಶವನ್ನು ನೋಡಿ ಆರಿಸಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಕಾರಣವಿದೆ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಅಮೆರಿಕದ ಟಿವಿಯಲ್ಲಿ ಕಾಣಿಸಿಕೊಂಡ ಮೇಲೆ ಊರೂರಿನಲ್ಲಿ ಹುಟ್ಟಿಕೊಂಡ ಹುಡುಗರ ತಂಡಗಳು ಅಲ್ಲಿಯ ನೃತ್ಯಸಭೆಗಳಲ್ಲಿ ನುಡಿಸಿ, ಹತ್ತಿರದ ಸ್ಟುಡಿಯೋದಲ್ಲಿ ಮುದ್ರಿಸಿ, ಕೆಲವು ನೂರು ಪ್ರತಿಗಳ ಸಿಂಗಲ್ (ಬದಿಗೊಂದು ಹಾಡಿರುವ ಸಣ್ಣ ತಟ್ಟೆ) ಒತ್ತಿಸಿ, ಸ್ಥಳೀಯ ರೇಡಿಯೋವನ್ನು ನಂಬಿಕೊಂಡಿದ್ದವು. ಅಕ್ಕಪಕ್ಕದ ತಂಡಗಳು ಒಂದನ್ನೊಂದು ಕೇಳುತ್ತಿದ್ದುದರಿಂದ ಒಂದೊಂದು ಸೀಮೆಗೂ ತನ್ನದೇ ಧಾಟಿ ಬಂದಿತು. ವಾಯವ್ಯ ಭಾಗದ ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳಲ್ಲಿ ಈ ಬೆಳವಣಿಗೆ ಬೀಟಲ್ಸ್‌ಗಿಂತ ಮೊದಲೇ ಆರಂಭವಾಗಿತ್ತು. ರಿಚರ್ಡ್ ಬೆರಿ 1957ರಲ್ಲಿ ಹೊರತಂದ ‘ಲೂಯಿ ಲೂಯಿ’ ಹಾಡನ್ನು ಟಕೋಮಾದ ವೇಲರ್ಸ್ ಬಳಗ 1961ರಲ್ಲಿ ಹಾಡಿತು. 1963ರಲ್ಲಿ ಕಿಂಗ್ಸ್‌ಮೆನ್ ಹಾಗೂ ಪಾಲ್ ರೆವೀರ್ ಅಂಡ್ ದಿ ರೇಡರ್ಸ್ ತಂಡಗಳು ಪೋರ್ಟ್‌ಲೆಂಡಿನ ಒಂದೇ ಸ್ಟುಡಿಯೋದಲ್ಲಿ ಅದನ್ನು ಮುದ್ರಿಸಿದವು. ಈ ನಾಲ್ಕನ್ನೂ ಕಾಲಕ್ರಮದಲ್ಲಿ ಕೇಳಿ, ಬಳಿಕ ಟಕೋಮಾದವರೇ ಆದ ಸೋನಿಕ್ಸ್ ತಂಡದ ಹಾಡುಗಳನ್ನು ಕೇಳಿದರೆ, ಆ ಸೀಮೆಯ ಯಾವುದೇ ಅನಾಮಿಕ ತಂಡದಲ್ಲಿ ಸ್ಯಾಕ್ಸೊಫೋನ್, ಆರ್ಗನ್ ಮತ್ತು ಕೂಗು ಎಲ್ಲಿಂದ ಬಂದವೆಂಬುದು ಕಿವಿಗೇ ತಿಳಿಯುತ್ತದೆ.

ಪ್ರದೇಶವಾರು ಕೇಳಲು ‘ಹೈಸ್ ಇನ್ ದ ಮಿಡ್ ಸಿಕ್ಸ್‌ಟೀಸ್’ ಸರಣಿ ಅನುಕೂಲ. ಅದರ ಸಂಪುಟಗಳಿಗೆ ಲಾಸ್ ಏಂಜಲೀಸ್, ಮಿಷಿಗನ್, ಟೆಕ್ಸಾಸ್ ಎಂದು ಸ್ಥಳಗಳ ಹೆಸರೇ ಇದೆ. ಗ್ರೆಗ್ ಶಾ 1978ರಲ್ಲಿ ಆರಂಭಿಸಿದ ‘ಪೆಬಲ್ಸ್’ ಸರಣಿಯ ಆರಂಭಿಕ ಸಂಪುಟಗಳಲ್ಲಿ ಊರುಗಳು ಬೆರೆತಿವೆ. ಟಿಮ್ ವಾರನ್ 1983ರಿಂದ ಕ್ರಿಪ್ಟ್ ಎಂಬ ಧ್ವನಿಮುದ್ರಿಕೆ ಸಂಸ್ಥೆಯಿಂದ ತಂದ ‘ಬ್ಯಾಕ್ ಫ್ರಮ್ ದ ಗ್ರೇವ್’ ಅತ್ಯಂತ ಒರಟು ಹಾಡುಗಳನ್ನೇ ಹೆಕ್ಕಿದ ಸರಣಿ. ಕೇಳಲು ಅದೇ ಹೆಚ್ಚು ರೋಮಾಂಚಕ ಎಂಬುದು ನನ್ನ ಅಭಿಪ್ರಾಯ, ಆದರೂ ಅದು ಕಾಣಿಸುವುದು ಒಂದು ಸೀಮೆಯ ಚಿತ್ರಕ್ಕಿಂತ ಹೆಚ್ಚಾಗಿ ಸಂಪಾದಕರ ಅಭಿರುಚಿಯನ್ನು.

ಕೊಳ್ಳುವ ಮೊದಲು ಹಾಡುಗಳ ಸಂಖ್ಯೆಯನ್ನಲ್ಲ, ಹೊದಿಕೆಯ ಹಿಂಬದಿಯ ಟಿಪ್ಪಣಿಯನ್ನು ನೋಡಬೇಕು. ತಂಡದ ಊರು, ಮೂಲ ಸಿಂಗಲ್ ಹೊರತಂದ ಸಂಸ್ಥೆ, ಸಿಂಗಲ್‌ನ ಸಂಖ್ಯೆ, ವರ್ಷ ಇವಿಷ್ಟೂ ಇದ್ದರೆ ಸಂಪಾದಕರು ಮೂಲ ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆಂದು ಬಹುಮಟ್ಟಿಗೆ ನಂಬಬಹುದು. ಮೂಲ ಟೇಪುಗಳು ಎಷ್ಟೋ ಕಡೆ ಉಳಿದಿಲ್ಲವಾದ್ದರಿಂದ ಇಂಥ ಸಂಕಲನಗಳನ್ನು ಹಳೆಯ ಸಿಂಗಲ್‌ಗಳಿಂದಲೇ ನಕಲು ಮಾಡುವುದು ರೂಢಿ. ಹಾಗಾಗಿ ಚಟಪಟ ಸದ್ದು ದೋಷವಲ್ಲ, ಅದನ್ನು ಅಳಿಸುವ ಭರದಲ್ಲಿ ಡ್ರಮ್ ಜೊತೆಯ ಸಿಂಬಲ್ ತಾಳಗಳ ಸದ್ದನ್ನೂ ಅಳಿಸಿರುವುದು ದೋಷ. ಹಕ್ಕುದಾರರ ಅನುಮತಿ ಪಡೆದ ಉಲ್ಲೇಖವಿದೆಯೇ ಎಂಬುದನ್ನೂ ಗಮನಿಸಿ. 1972ರ ಫೆಬ್ರವರಿ 15ಕ್ಕೆ ಮೊದಲಿನ ಧ್ವನಿಮುದ್ರಣಗಳಿಗೆ ಅಮೆರಿಕದ ಕೇಂದ್ರ ಹಕ್ಕುಸ್ವಾಮ್ಯ ಕಾನೂನಿನ ರಕ್ಷಣೆ ಇರಲಿಲ್ಲ, ರಾಜ್ಯಗಳ ಕಾನೂನುಗಳಷ್ಟೇ ಇದ್ದವು; 2018ರ ಶಾಸನದ ಬಳಿಕ 1957ರಿಂದ ಆ ದಿನದವರೆಗಿನ ಮುದ್ರಣಗಳಿಗೆ 2067ರ ಫೆಬ್ರವರಿ 15ರವರೆಗೆ ರಕ್ಷಣೆ ದೊರೆತಿದೆ.

ಟಿಪ್ಪಣಿಯ ವರ್ಷವನ್ನು ಪರೀಕ್ಷಿಸಲು ಮೂಲ ಸಿಂಗಲ್‌ನ ಚಿತ್ರವಿದ್ದರೂ ಸಾಕು. ಆರ್‌ಸಿಎ ಎಂಬ ಧ್ವನಿಮುದ್ರಿಕೆ ಸಂಸ್ಥೆ ಹೊರಗಿನವರಿಗಾಗಿ ಒತ್ತಿಕೊಟ್ಟ ತಟ್ಟೆಗಳ ಮೇಲಿನ ಸಂಕೇತದ ಮೊದಲ ಅಕ್ಷರ ವರ್ಷವನ್ನು ಸೂಚಿಸುತ್ತದೆ: ‘ಎಸ್’ ಎಂದರೆ 1965, ‘ಟಿ’ ಎಂದರೆ 1966, ‘ಯು’ ಎಂದರೆ 1967. ತಟ್ಟೆಯ ನಡುವಿನ ಕಾಗದದ ಲೇಬಲ್‌ನ ಸುತ್ತಲಿನ ಹಾಡಿಲ್ಲದ ಪಟ್ಟಿಯಲ್ಲಿ ತ್ರಿಕೋನದ ಗುರುತೂ ಸಂಖ್ಯೆಯೂ ಇದ್ದರೆ ಅದು ಲಾಸ್ ಏಂಜಲೀಸಿನ ಮೊನಾರ್ಕ್ ಕಾರ್ಖಾನೆಯದು. ಆದರೆ ತಟ್ಟೆ ಒತ್ತಿದ ಊರನ್ನು ತಂಡದ ಊರೆಂದು ಬರೆದುಕೊಳ್ಳಬಾರದು, ಏಕೆಂದರೆ ದೂರದ ಊರುಗಳ ತಂಡಗಳೂ ಟೇಪನ್ನು ಇಂಥ ಕಾರ್ಖಾನೆಗಳಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದವು. ಎರಡು ಸಂಕಲನಗಳು ಒಂದೇ ತಂಡಕ್ಕೆ ಬೇರೆ ಬೇರೆ ಊರು ಹೇಳಿದಾಗ, ತಂಡದ ಸದಸ್ಯರನ್ನು ಪತ್ತೆಹಚ್ಚಿ ಮಾತನಾಡಿಸಿದ ಸಂಪಾದಕರ ಟಿಪ್ಪಣಿಗೆ ಹೆಚ್ಚು ಬೆಲೆ ಕೊಡಬೇಕು.