ಆಯುಧ ಪೂಜೆಗೆ ಮನೆಯದೇ ಚೆಂಡು ಹೂ

ಆಯುಧ ಪೂಜೆಯ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಒಂದು ಮಾರು ಚೆಂಡು ಹೂವಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಬಾಗಿಲಿಗೂ ಬೇಕು, ಗಾಡಿಗೂ ಬೇಕು, ಬಿಡೋಕಾಗಲ್ಲ ಅಲ್ವಾ? ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗವಿದ್ದರೆ ಮನೆಯಲ್ಲೇ ಬೆಳೆದುಕೊಳ್ಳಬಹುದು. ಲೆಕ್ಕ ಮಾತ್ರ ಹಬ್ಬದಿಂದ ಹಿಂದಕ್ಕೆ ಹಾಕಬೇಕು. ದೊಡ್ಡ ಹೂವಿನ ಎತ್ತರದ ತಳಿಗೆ ಬೀಜ ಹಾಕಿದ ಮೇಲೆ ಸುಮಾರು ಎರಡೂವರೆ ತಿಂಗಳು ಬೇಕು. ಅಂದರೆ ದಸರೆಗೆ ಜುಲೈ, ದೀಪಾವಳಿಗೆ ಆಗಸ್ಟ್. ಸಣ್ಣ ಹೂವಿನ ಗಿಡ್ಡ ತಳಿ ಇನ್ನೂ ಬೇಗ ಬಿಡುತ್ತದೆ, ಆದರೆ ಹಾರಕ್ಕೆ ತುಂಬುವುದಿಲ್ಲ.

ಬೀಜ ಅಂಗಡಿಯಿಂದ ತನ್ನಿ. ಪೂಜೆಯ ಒಣ ಹಾರ ಉದುರಿಸಿದರೂ ಗಿಡ ಬರುತ್ತದೆ, ನಿಜ. ಹೈಬ್ರಿಡ್ ಹೂವಾಗಿದ್ದರೆ ಮಾತ್ರ ಮರಿಗಿಡದ ಹೂ ತಾಯಿಯಂತೆ ಇರುವುದಿಲ್ಲ.

ಟ್ರೇಯಲ್ಲಿ ಮಣ್ಣು, ಎರೆಗೊಬ್ಬರ ಬೆರೆಸಿ ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ವಾರದೊಳಗೆ ಮೊಳಕೆ ಬರುತ್ತದೆ. ಮೂರ್ನಾಲ್ಕು ವಾರಕ್ಕೆ, ನಾಲ್ಕೈದು ಎಲೆ ಮೂಡಿದಾಗ, ಸಂಜೆ ಹೊತ್ತು ಕಿತ್ತು ನೆಡಿ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ. 12 ಇಂಚಿನ ಕುಂಡಕ್ಕೆ ಒಂದೇ ಗಿಡ ಸಾಕು.

ಇನ್ನು ಎಲ್ಲರೂ ಹಿಂಜರಿಯುವ ಕೆಲಸ: ಕುಡಿ ಚಿವುಟುವುದು. ಗಿಡ ಗೇಣುದ್ದ ಆದಾಗ ತುದಿಯನ್ನು ಉಗುರಿನಿಂದ ಚಿವುಟಿ ತೆಗೆಯಿರಿ. ಮೊದಲ ಮೊಗ್ಗು ಅದರಲ್ಲೇ ಇದ್ದರೂ ಪರವಾಗಿಲ್ಲ. ಹೂ ಒಂದಷ್ಟು ದಿನ ತಡವಾಗುತ್ತದೆ, ಅದಕ್ಕೇ ಹಬ್ಬದ ಲೆಕ್ಕದಲ್ಲಿ ಒಂದು ವಾರ ಜಾಸ್ತಿ ಇಟ್ಟುಕೊಳ್ಳಿ. ಚಿವುಟದ ಗಿಡ ಕೋಲಿನಂತೆ ಮೇಲೇರಿ ನಾಲ್ಕು ಹೂ ಬಿಟ್ಟು ಗಾಳಿಗೆ ಮಲಗುತ್ತದೆ. ಚಿವುಟಿದ್ದು ಪಕ್ಕಕ್ಕೆ ಕವಲೊಡೆದು ಪೊದೆಯಾಗುತ್ತದೆ. ಬಲಿತ ಗಿಡದಿಂದ ಮೂರ್ನಾಲ್ಕು ಇಂಚಿನ ಕುಡಿ ಸಿಕ್ಕರೆ ಬಿಸಾಡಬೇಡಿ. ಕೆಳಗಿನ ಎಲೆ ತೆಗೆದು ಒದ್ದೆ ಮರಳಿಗೆ ಚುಚ್ಚಿ ನೆರಳಲ್ಲಿಡಿ, ಬೇರು ಬಿಡುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕ ಬಂಗಾರ’ ತಳಿಯನ್ನು ಹೀಗೆ ಕುಡಿಯಿಂದಲೇ ಬೆಳೆಸುತ್ತಾರೆ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಇರಲಿ. ಯೂರಿಯಾ ಸುರಿದರೆ ಎಲೆಯೇ ಎಲೆ, ಹೂವಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ನೀರನ್ನು ಬುಡಕ್ಕೆ ಹಾಕಿ. ಹೂವಿನ ಮೇಲೆ ನೀರು ನಿಂತರೆ ಒಳಗೇ ಕೊಳೆಯುತ್ತದೆ. ಮಳೆ ನಿಂತು ಒಣಹವೆ ಶುರುವಾದಾಗ ಎಲೆ ಧೂಳು ಹಿಡಿದಂತೆ ಮಂಕಾಗಿ, ಸಣ್ಣ ಬಲೆ ಕಂಡರೆ ಅದು ಕೆಂಪು ನುಸಿ. ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ. ಹೋಗದಿದ್ದರೆ ಸಂಜೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಿಂಪಡಿಸಿ.

ಹೂ ಪೂರ್ತಿ ಅರಳಿದ ಮೇಲೆ ಬೆಳಗಿನ ತಂಪಿನಲ್ಲಿ ಕೊಯ್ಯಿರಿ. ಬಾಡಿದ್ದನ್ನು ಗಿಡದಲ್ಲೇ ಬಿಡಬೇಡಿ, ಬೀಜ ಕಟ್ಟಲು ಶುರುವಾದರೆ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಗಿಡ ಸೋತ ಮೇಲೆ ಅದೇ ಜಾಗಕ್ಕೆ ಟೊಮೆಟೊ ಅಥವಾ ಬದನೆ ಹಾಕಿ. ಚೆಂಡು ಹೂವಿನ ಬೇರು ಮಣ್ಣಿನಲ್ಲಿ ಬೇರುಗಂಟು ತರುವ ಜಂತುಹುಳುಗಳನ್ನು ಕಡಿಮೆ ಮಾಡಿರುತ್ತದೆ.